ಹಿಂದೆ ನಿಂತ ನಾಲ್ವರು

ಅಮೆರಿಕದ ಜನ 'ಫುಟ್‌ಬಾಲ್' ಎಂದು ಕರೆಯುವ ಆಟವೂ ನಮ್ಮಲ್ಲಿ ಅದೇ ಹೆಸರಿನಿಂದ ನಡೆಯುವ ಕಾಲ್ಚೆಂಡಿನ ಆಟವೂ ಬೇರೆಬೇರೆ. ಅಲ್ಲಿನ ಚೆಂಡು ಗುಂಡಗಿಲ್ಲ. ನಡು ಉಬ್ಬಿ ಎರಡು ತುದಿಗಳೂ ಚೂಪಾಗಿರುವಂಥದು. ಅದನ್ನು ಒದೆಯುವುದಕ್ಕಿಂತ ಕೈಯಲ್ಲಿ ಅವುಚಿಕೊಂಡು ಓಡುವುದೂ ಕೈಯಿಂದ ಮುಂದಕ್ಕೆ ಎಸೆಯುವುದೂ ಹೆಚ್ಚು. ಇಂಗ್ಲೆಂಡಿನ ರಗ್ಬಿಯಿಂದ ಕವಲೊಡೆದು, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯಗಳ ಅಂಗಳದಲ್ಲಿ ಬೆಳೆದ ಆಟ ಇದು. ವಿದ್ಯೆಗೆಂದೋ ಉದ್ಯೋಗಕ್ಕೆಂದೋ ಅಲ್ಲಿಗೆ ಹೋದ ನಮ್ಮವರ ಮಕ್ಕಳು ಮೊಮ್ಮಕ್ಕಳು, ಶರತ್ಕಾಲದ ಶನಿವಾರಗಳಂದು ಊರಿಗೆ ಊರೇ ಕ್ರೀಡಾಂಗಣಕ್ಕೆ ಹೊರಡುವುದನ್ನು ಕಂಡು ಬೆರಗಾಗುತ್ತಾರೆ. ಆಟವನ್ನು ಕಂಡಾಗ ಮಾತ್ರ, ಇಪ್ಪತ್ತೆರಡು ಮಂದಿ ಒಬ್ಬರ ಮೇಲೊಬ್ಬರು ಬೀಳುವುದರ ಹೊರತು ಬೇರೇನೂ ತೋರದೆ ಬೇಸರಪಡುತ್ತಾರೆ. ಆ ಗೊಂದಲದೊಳಗೆ ಒಂದು ವ್ಯವಸ್ಥೆಯಿದೆ. ಆ ವ್ಯವಸ್ಥೆಗೆ ಒಂದು ಇತಿಹಾಸವಿದೆ. ಆ ಇತಿಹಾಸದಲ್ಲಿ ಹರೆಯದ ಹುಡುಗರ ಸಾವುಗಳೂ ಸೇರಿಕೊಂಡಿವೆ. ಅದನ್ನು ಯಥಾಶಕ್ತಿ ವಿವರಿಸುವುದು ಈ ಭಾಷಣದ ಉದ್ದೇಶ.

ಆಟದ ನಿಯಮಗಳಲ್ಲಿ ನಮಗೆ ಇಲ್ಲಿ ಬೇಕಾದವು ಕೆಲವೇ. ಒಂದೊಂದು ಪಕ್ಷಕ್ಕೆ ಹನ್ನೊಂದು ಮಂದಿ. ಬಯಲಿನ ಉದ್ದ 100 ಗಜ; ಎರಡು ಕೊನೆಗಳಲ್ಲಿಯೂ ಹತ್ತು ಹತ್ತು ಗಜದ ಗುರಿಯ ಪಟ್ಟಿಗಳು. ಚೆಂಡು ಯಾರ ಕೈಯಲ್ಲಿದೆಯೋ ಆ ಪಕ್ಷದವರಿಗೆ ನಾಲ್ಕು ಯತ್ನಗಳು ದೊರೆಯುತ್ತವೆ. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನಗಳ ಹಕ್ಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಪ್ರತಿಯೊಂದು ಯತ್ನಕ್ಕೂ ಮೊದಲು ಎರಡು ಪಕ್ಷಗಳೂ ಚೆಂಡಿನ ಆಚೆ ಈಚೆ ಸಾಲುಗಟ್ಟಿ ನಿಲ್ಲುತ್ತವೆ. ಸಾಲಿನ ನಡುವಿನವನು ನೆಲದ ಮೇಲಿರುವ ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುತ್ತಾನೆ. ಇದಕ್ಕೆ 'ಸ್ನ್ಯಾಪ್' ಎಂದು ಹೆಸರು. ಆಟ ಆರಂಭವಾಗುವುದು ಆ ಕ್ಷಣದಲ್ಲಿ.

ಈ ಸ್ನ್ಯಾಪಿಗೆ ಮೊದಲಿನ ನಿಲುಗಡೆಯೇ ನಮ್ಮ ವಿಷಯ. ಮಹಾಭಾರತದ ಓದುಗರಿಗೆ ಪರಿಚಿತವಾದ 'ವ್ಯೂಹ' ಎಂಬ ಮಾತನ್ನೇ ನಾನು ಅದಕ್ಕೆ ಬಳಸುತ್ತೇನೆ. ಚೆಂಡನ್ನುಳ್ಳ ಪಕ್ಷದ ಹನ್ನೊಂದು ಮಂದಿಯಲ್ಲಿ ಏಳು ಮಂದಿ ಮುಂದಿನ ಸಾಲಿನಲ್ಲಿ ನಿಲ್ಲಬೇಕೆಂಬುದು ನಿಯಮ. ಉಳಿದ ನಾಲ್ವರಿಗೆ ಹಿಂದೆ ಎಲ್ಲಿ ಬೇಕಾದರೂ ನಿಲ್ಲುವ ಸ್ವಾತಂತ್ರ್ಯವಿದೆ. ಏಳು ಮಂದಿ ಕಟ್ಟಿಗೆ ಒಳಪಟ್ಟವರು, ನಾಲ್ವರು ಬಿಡುಗಡೆಯುಳ್ಳವರು. ಒಂದು ಶತಮಾನಕ್ಕೂ ಮಿಕ್ಕ ಕಾಲ ಅಲ್ಲಿನ ತರಬೇತುದಾರರು ಮಾಡಿದ ಕಲ್ಪನೆಯ ಸಾಹಸಗಳಲ್ಲಿ ಬಹುಪಾಲು ಈ ನಾಲ್ವರನ್ನು ಎಲ್ಲೆಲ್ಲಿ ನಿಲ್ಲಿಸಬೇಕೆಂಬ ಒಂದೇ ಪ್ರಶ್ನೆಯ ಸುತ್ತ ನಡೆದಿದೆ. ಅಕ್ಷರಗಣದ ಕಟ್ಟಿನೊಳಗೆ ಕವಿಗೆ ಎಷ್ಟು ಎಡೆಯಿದೆಯೆಂದು ವಿಚಾರಮಾಡಿದವರಿಗೆ ಈ ಬಗೆಯ ಸಾಹಸದ ರುಚಿಯನ್ನು ಹೇಳಿಕೊಡಬೇಕಾಗಿಲ್ಲ.

ಈ ನಾಲ್ವರ ಹೆಸರುಗಳು ಭಾಷೆಯಲ್ಲಿ ಆಸಕ್ತಿಯುಳ್ಳವರಿಗೆ ಸ್ವಾರಸ್ಯವಾಗಿವೆ. ಸಾಲಿಗೆ ಅತ್ಯಂತ ಸಮೀಪದಲ್ಲಿ, ಅಂದರೆ ಕಾಲುಪಾಲು ದೂರದಲ್ಲಿ ನಿಂತವನು ಕ್ವಾರ್ಟರ್‌ಬ್ಯಾಕ್. ಅರ್ಧ ದೂರದಲ್ಲಿ ನಿಂತ ಇಬ್ಬರು ಹಾಫ್‌ಬ್ಯಾಕರು. ಪೂರ್ತಿ ಹಿಂದೆ ನಿಂತವನು ಫುಲ್‌ಬ್ಯಾಕ್. ಹೆಸರು ಹುಟ್ಟಿದ ಕಾಲದಲ್ಲಿ ಅರ್ಥವೂ ಹೆಸರೂ ಹೊಂದಿಕೊಂಡಿದ್ದವು. ಕಾಲಕ್ರಮದಲ್ಲಿ ವ್ಯೂಹಗಳು ಬದಲಾದವು, ಹೆಸರುಗಳು ಮಾತ್ರ ಉಳಿದುಕೊಂಡವು. ಹೀಗಾಗಿ ಮುಂದೆ ಹೇಳಲಿರುವ ಕೆಲವು ವ್ಯೂಹಗಳಲ್ಲಿ 'ಪೂರ್ತಿ ಹಿಂದಿನವನು' ಎನಿಸಿಕೊಂಡವನು ಅರ್ಧ ಹಿಂದಿನವನಿಗಿಂತ ಮುಂದೆ ನಿಂತಿರುತ್ತಾನೆ. ಅರ್ಥ ಸವೆದುಹೋದ ಮೇಲೂ ಚಲಾವಣೆಯಲ್ಲಿರುವ ಮಾತುಗಳು ಎಲ್ಲ ಭಾಷೆಗಳಲ್ಲಿಯೂ ಇವೆಯಷ್ಟೆ.

ಬಾನುಲಿಯಲ್ಲಿ ಚಿತ್ರ ಬರೆದು ತೋರಿಸುವಂತಿಲ್ಲ. ಆಸಕ್ತಿಯುಳ್ಳವರು ಹನ್ನೊಂದು ಹುಣಿಸೆಬೀಜಗಳನ್ನು ಮಣೆಯ ಮೇಲೆ ಇಟ್ಟುಕೊಂಡರೆ ನನ್ನ ಕೆಲಸ ಸುಲಭವಾಗುತ್ತದೆ. ಏಳನ್ನು ಅಡ್ಡಸಾಲಾಗಿ ಜೋಡಿಸಿ, ನಾಲ್ಕನ್ನು ಕೈಯಲ್ಲಿ ಹಿಡಿದುಕೊಳ್ಳಿ.

ಮೊದಲು, ಈ ಏಳರ ಕಟ್ಟು ಹೇಗೆ ಬಂತೆಂಬುದನ್ನು ನೋಡೋಣ. ಯೇಲ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾಂಪ್ ಎಂಬಾತನ ಸಲಹೆಯಂತೆ 1880ರಲ್ಲಿ ರಗ್ಬಿಯ ನೂಕಾಟದ ಬದಲು ಒಂದು ಪಕ್ಷ ಚೆಂಡನ್ನು ಅಡೆತಡೆಯಿಲ್ಲದೆ ಹಿಂದಕ್ಕೆ ಕೊಡುವ ಪದ್ಧತಿ ಬಂದಿತು. ಅದರ ಮರುವರ್ಷವೇ ಯೇಲ್ ಮತ್ತು ಪ್ರಿನ್ಸ್‌ಟನ್ ಪಕ್ಷಗಳು ಆಡಿದ ಒಂದು ಪಂದ್ಯದಲ್ಲಿ, ಮೊದಲರ್ಧವಿಡೀ ಒಬ್ಬರು, ಎರಡನೆಯ ಅರ್ಧವಿಡೀ ಇನ್ನೊಬ್ಬರು ಚೆಂಡನ್ನು ಬಿಡದೆ ಹಿಡಿದುಕೊಂಡು ಕುಳಿತರು. ನೋಡುವವರಿಗೆ ಬೇಸರ ಬಂದಿತು. ಆದ್ದರಿಂದ 1882ರಲ್ಲಿ, ಮೂರು ಯತ್ನಗಳಲ್ಲಿ ಐದು ಗಜ ಸಾಗದಿದ್ದರೆ ಚೆಂಡನ್ನು ಒಪ್ಪಿಸಬೇಕೆಂಬ ನಿಯಮ ಮಾಡಿದರು. ಈ ನಿಯಮ ಒಂದು ಕೇಡಿಗೂ ದಾರಿಯಾಯಿತು. ಐದು ಗಜವೆಂದರೆ ಅಲ್ಪ ದೂರ. ಅಷ್ಟನ್ನು ಪಡೆಯಲು ಜಾಣ್ಮೆ ಬೇಕಿಲ್ಲ, ಭಾರ ಸಾಕು. ಹತ್ತು ಮಂದಿ ಒಬ್ಬರನ್ನೊಬ್ಬರು ತಬ್ಬಿ ಹಿಡಿದು, ಚೆಂಡಿನವನನ್ನು ನಡುವೆ ಇಟ್ಟುಕೊಂಡು, ಎದುರಾಳಿಗಳ ಸಾಲಿನಲ್ಲಿ ಒಬ್ಬನ ಮೇಲೆ ಒಟ್ಟಾಗಿ ಬೀಳುವುದೇ ಆಟವಾಯಿತು.

ಈ ಬಗೆಯ ಆಟದ ತುತ್ತತುದಿಯೆಂದರೆ 1892ರ 'ಹಾರುವ ಬೆಣೆ'. ಅದನ್ನು ಕಲ್ಪಿಸಿದ ಲೋರಿನ್ ಡೀಲೆಂಡ್ ಎಂಬಾತ ಫುಟ್‌ಬಾಲ್ ಆಡಿದವನಲ್ಲ. ಬಾಸ್ಟನ್ನಿನ ವ್ಯಾಪಾರಿ, ಚದುರಂಗದಲ್ಲಿ ಆಸಕ್ತಿಯುಳ್ಳವನು. ಆತನ ಉಪಾಯದಂತೆ ಹಾರ್ವರ್ಡಿನ ಆಟಗಾರರು ಎರಡು ಗುಂಪಾಗಿ, ದೂರದಿಂದ ಓಡುತ್ತ ಬಂದು ಬೆಣೆಯಾಕಾರದಲ್ಲಿ ಕೂಡಿಕೊಂಡು, ಚೆಂಡಿನವನನ್ನು ಒಳಗೆ ಸೇರಿಸಿಕೊಂಡು ಯೇಲ್ ಪಕ್ಷದ ಮೇಲೆ ಎರಗಿದರು. ಪಂದ್ಯವನ್ನು ಗೆದ್ದದ್ದು ಯೇಲ್. ಆದರೆ ಉಪಾಯ ದೇಶವಿಡೀ ಹಬ್ಬಿತು. ಎರಡು ವರ್ಷಗಳಲ್ಲಿ ಅದನ್ನು ನಿಷೇಧಿಸಬೇಕಾಯಿತು. ಮಣೆಯ ಮೇಲಿನ ಕಾಯಿಗೆ ನೋವಿಲ್ಲ. ಮೈದಾನದಲ್ಲಿ ಬೆಣೆಯ ಮೊನೆಗೆ ಸಿಕ್ಕಿದವನು ಇಪ್ಪತ್ತು ವರ್ಷದ ವಿದ್ಯಾರ್ಥಿ.

ಬೆಣೆ ಹೋದರೂ ಒಟ್ಟಾಗಿ ನುಗ್ಗುವ ರೂಢಿ ಹೋಗಲಿಲ್ಲ. 1905ನೆಯ ವರ್ಷದ ಋತುವಿನಲ್ಲಿ ಈ ಆಟದಿಂದ ಸತ್ತವರು 18 ಮಂದಿ ಎಂದು ಕೆಲವು ಲೆಕ್ಕಗಳೂ 19 ಎಂದು ಕೆಲವು ಲೆಕ್ಕಗಳೂ ಹೇಳುತ್ತವೆ. ಆ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ತಿದ್ದಬೇಕೆಂದು ಒತ್ತಾಯಪಡಿಸಿದರು. ಅವರ ಹಿರಿಯ ಮಗ ಆಗ ಹಾರ್ವರ್ಡಿನಲ್ಲಿ ಆಟಗಾರನಾಗಿದ್ದನು. ಕೊಲಂಬಿಯ ವಿಶ್ವವಿದ್ಯಾನಿಲಯ ಆಟವನ್ನೇ ಕೈಬಿಟ್ಟಿತು. ಪಶ್ಚಿಮ ತೀರದ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಗಳು ರಗ್ಬಿಗೆ ಮರಳಿದವು. ಉಳಿದವರು ಸೇರಿ 1906ರಲ್ಲಿ ನಿಯಮಗಳನ್ನು ಬದಲಾಯಿಸಿದರು. ಚೆಂಡನ್ನು ಮುಂದಕ್ಕೆ ಎಸೆಯಲು ಅವಕಾಶವಾಯಿತು. ಐದು ಗಜದ ಬದಲು ಹತ್ತು ಗಜ ಸಾಗಬೇಕಾಯಿತು. ಸಾಲಿನಲ್ಲಿ ಕನಿಷ್ಠ ಆರು ಮಂದಿ ನಿಲ್ಲಬೇಕಾಯಿತು. ಸಾವು ಅಷ್ಟಕ್ಕೇ ನಿಲ್ಲಲಿಲ್ಲವಾಗಿ 1910ರಲ್ಲಿ ಆರನ್ನು ಏಳು ಮಾಡಿ, ಚೆಂಡಿನವನನ್ನು ಹಿಂದಿನಿಂದ ತಳ್ಳುವುದನ್ನೂ ಮುಂದಿನಿಂದ ಎಳೆಯುವುದನ್ನೂ ಕೈಕೈ ಹಿಡಿದು ಕೋಟೆ ಕಟ್ಟುವುದನ್ನೂ ನಿಷೇಧಿಸಿದರು. ಯತ್ನಗಳು ನಾಲ್ಕಾದದ್ದು 1912ರಲ್ಲಿ.

ಏಳು ಮಂದಿ ಸಾಲಿನಲ್ಲಿ ನಿಂತರೆ ಹಿಂದಿನಿಂದ ಓಡಿಬಂದು ನುಗ್ಗಲು ಸಾಕಷ್ಟು ಜನ ಉಳಿಯುವುದಿಲ್ಲ. ಈ ಸರಳವಾದ ಲೆಕ್ಕಾಚಾರದಿಂದ ಬೆಣೆಯ ದಾರಿ ಮುಚ್ಚಿತು. ಮಣೆಯ ಮೇಲಿನ ಆ ಏಳು ಬೀಜಗಳು ಅಲ್ಲಿಗೆ ಬಂದದ್ದು ಹೀಗೆ. ಇನ್ನು ಕೈಯಲ್ಲಿರುವ ನಾಲ್ಕನ್ನು ಇಡೋಣ.

ಮೊದಲನೆಯದು 'ಸಿಂಗಲ್ ವಿಂಗ್', ಒಂಟಿ ರೆಕ್ಕೆಯ ವ್ಯೂಹ. ಇಬ್ಬರನ್ನು ನಾಲ್ಕೈದು ಗಜ ಹಿಂದೆ ನಿಲ್ಲಿಸಿ. ಒಬ್ಬನನ್ನು ಸಾಲಿನ ಹಿಂಬದಿಗೇ, ನಡುವಿನಿಂದ ಸ್ವಲ್ಪ ಬಲಕ್ಕೆ. ಇನ್ನೊಬ್ಬನನ್ನು ಸಾಲಿನ ಬಲತುದಿಯ ಹೊರಗೆ ರೆಕ್ಕೆಯಂತೆ. ಸಾಲಿನ ಏಳು ಮಂದಿಯಲ್ಲಿಯೂ ಹೆಚ್ಚಿನವರನ್ನು ಬಲಗಡೆಗೆ ಸರಿಸುತ್ತಿದ್ದರು. ಚೆಂಡು ಗಾಳಿಯಲ್ಲಿ ಹಾರಿ ನೇರವಾಗಿ ಹಿಂದಿನ ಇಬ್ಬರಲ್ಲಿ ಒಬ್ಬನಿಗೆ ಸೇರುತ್ತಿತ್ತು. ಅವನು ಓಡಬಹುದು, ಎಸೆಯಬಹುದು, ಒದೆಯಬಹುದು. ಅವನ ಮುಂದೆ ದಾರಿ ಬಿಡಿಸುವವರ ದಂಡೇ ಇರುತ್ತಿತ್ತು. ಇದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನು ದಾರಿ ಬಿಡಿಸುವ ಕೂಲಿ. ನಾಯಕನ ಪಟ್ಟ ಅವನಿಗೆ ಬಂದದ್ದು ಆಮೇಲೆ.

ಈ ಬಗೆಯ ವ್ಯೂಹಗಳನ್ನು ಬೆಳೆಸಿದ ಗ್ಲೆನ್ ವಾರ್ನರ್ ಆಗ ತರಬೇತುದಾರನಾಗಿದ್ದದ್ದು ಪೆನ್ಸಿಲ್ವೇನಿಯದ ಕಾರ್ಲೈಲ್ ಶಾಲೆಯಲ್ಲಿ. ಅಮೆರಿಕದ ಮೂಲನಿವಾಸಿಗಳ ಮಕ್ಕಳನ್ನು ಅವರವರ ಜನಾಂಗಗಳಿಂದ ಬಿಡಿಸಿ ತಂದು, ಕೂದಲು ಕತ್ತರಿಸಿ, ಹೊಸ ಹೆಸರಿಟ್ಟು, ತಾಯ್ನುಡಿಯನ್ನಾಡದಂತೆ ತಡೆದು ಬಿಳಿಯರಂತೆ ಮಾಡಬೇಕೆಂದು 1879ರಲ್ಲಿ ಒಬ್ಬ ಸೇನಾಧಿಕಾರಿ ಸ್ಥಾಪಿಸಿದ ಶಾಲೆ ಅದು. ಅಲ್ಲಿನ ಹುಡುಗರಲ್ಲಿ ಅನೇಕರು ದೊಡ್ಡ ವಿಶ್ವವಿದ್ಯಾನಿಲಯಗಳ ಆಟಗಾರರಿಗಿಂತ ಮೈಯಲ್ಲಿ ಹಗುರವಾದವರು. ಭಾರದ ಆಟದಲ್ಲಿ ಅವರಿಗೆ ಗೆಲುವಿಲ್ಲ; ವೇಗವೂ ಮರೆಮೋಸವೂ ಇರುವ ಆಟದಲ್ಲಿ ಇತ್ತು. 1912ರ ನವೆಂಬರಿನಲ್ಲಿ ಕಾರ್ಲೈಲಿನವರು ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದ ಪಕ್ಷವನ್ನು 27–6ರಿಂದ ಸೋಲಿಸಿದರು. ವೂಂಡೆಡ್ ನೀ ಎಂಬಲ್ಲಿ ಅಮೆರಿಕದ ಸೇನೆ ಲಕೋಟ ಜನರನ್ನು ಕೊಂದು ಆಗಿನ್ನೂ ಇಪ್ಪತ್ತೆರಡು ವರ್ಷ. ಆ ಹುಡುಗರು ಮೈದಾನದಲ್ಲಿ ಎದುರಿಸಿದ್ದು ಅದೇ ಸೇನೆಯ ಭಾವೀ ಅಧಿಕಾರಿಗಳನ್ನು. ಅವರಲ್ಲೊಬ್ಬ, ಮುಂದೆ ದೇಶದ ಅಧ್ಯಕ್ಷನಾದ ಐಸೆನ್‌ಹೋವರ್. ಕಾರ್ಲೈಲಿನ ಪಕ್ಷದಲ್ಲಿ ಹಿಂದೆ ನಿಂತವನು ಜಿಮ್ ಥಾರ್ಪ್. ಅದೇ ವರ್ಷ ಸ್ಟಾಕ್‌ಹೋಮಿನ ಒಲಿಂಪಿಕ್ಸಿನಲ್ಲಿ ಎರಡು ಚಿನ್ನದ ಪದಕಗಳನ್ನು ಗೆದ್ದು ಬಂದವನು. ಮರುವರ್ಷ ಆ ಪದಕಗಳನ್ನು ಅವನಿಂದ ಕಿತ್ತುಕೊಂಡರು. ಆ ಗೆಲುವುಗಳು ಅವನೊಬ್ಬನವೇ ಎಂದು ಒಲಿಂಪಿಕ್ ಸಮಿತಿ ಒಪ್ಪಿದ್ದು 2022ರಲ್ಲಿ. ಶಾಲೆ 1918ರಲ್ಲಿ ಮುಚ್ಚಿತು. ಅಲ್ಲಿ ಬೆಳೆದ ವ್ಯೂಹ ಮುಂದೆ ಎರಡು ದಶಕಗಳ ಕಾಲ ದೇಶದ ಆಟವನ್ನು ಆಳಿತು.

ಎರಡನೆಯದು 'ಟಿ' ವ್ಯೂಹ. ಇದು ಹಳೆಯದೇ, ಬಳಕೆ ತಪ್ಪಿ ಮತ್ತೆ ಬಂದದ್ದು. ಕ್ವಾರ್ಟರ್‌ಬ್ಯಾಕನ್ನು ಸಾಲಿನ ನಡುವಿನವನ ಬೆನ್ನಿಗೆ ಒತ್ತಿ ನಿಲ್ಲಿಸಿ. ಅವನ ಹಿಂದೆ ನಾಲ್ಕೈದು ಗಜ ದೂರದಲ್ಲಿ ಮೂವರನ್ನು ಅಡ್ಡಸಾಲಾಗಿ ಇಡಿ. ಇಂಗ್ಲಿಷಿನ 'ಟಿ' ಅಕ್ಷರ ಕಾಣುತ್ತದೆ. ಚೆಂಡು ಈಗ ಹಾರುವುದಿಲ್ಲ, ಕೈಯಿಂದ ಕೈಗೆ ಬರುತ್ತದೆ. ಅದನ್ನು ಪಡೆದವನು ಎದುರಾಳಿಗೆ ಬೆನ್ನು ತಿರುಗಿಸಿ, ಮೂವರಲ್ಲಿ ಒಬ್ಬನಿಗೆ ಕೊಡಬಹುದು. ಕೊಟ್ಟಂತೆ ನಟಿಸಿ ಇನ್ನೊಬ್ಬನಿಗೆ ಕೊಡಬಹುದು. ಯಾರಿಗೂ ಕೊಡದೆ ಎಸೆಯಬಹುದು. ರೆಕ್ಕೆಯ ವ್ಯೂಹದಲ್ಲಿ ಚೆಂಡು ಎಲ್ಲಿದೆಯೆಂದು ಎದುರಾಳಿಗೆ ತಿಳಿಯುತ್ತಿತ್ತು, ತಡೆಯುವುದು ಕಷ್ಟವಾಗಿತ್ತು. ಟಿ ವ್ಯೂಹದಲ್ಲಿ ಚೆಂಡು ಎಲ್ಲಿದೆಯೆಂಬುದೇ ಒಂದು ಗಳಿಗೆ ತಿಳಿಯುವುದಿಲ್ಲ. ಆ ಒಂದು ಗಳಿಗೆಯ ಸಂಶಯವೇ ಸಾಲಿನಲ್ಲಿ ಬಿರುಕು ಮೂಡಲು ಸಾಕು.

ಇದರ ಪುನರುಜ್ಜೀವನಕ್ಕೆ ದುಡಿದವರಲ್ಲಿ ಮುಖ್ಯನು ಕ್ಲಾರ್ಕ್ ಶಾನೆಸಿ. ಷಿಕಾಗೊ ವಿಶ್ವವಿದ್ಯಾನಿಲಯ 1939ರ ಕೊನೆಯಲ್ಲಿ ಈ ಆಟವನ್ನು ಬಿಟ್ಟುಬಿಟ್ಟಾಗ ಅಲ್ಲಿನ ತರಬೇತುದಾರನಾಗಿದ್ದ ಆತ ಸ್ಟ್ಯಾನ್‌ಫರ್ಡಿಗೆ ಹೋದನು. ಹಿಂದಿನ ವರ್ಷ ಒಂದೇ ಒಂದು ಪಂದ್ಯ ಗೆದ್ದಿದ್ದ ಪಕ್ಷ ಅದು. ಟಿ ವ್ಯೂಹವನ್ನು ಕಲಿತು 1940ರ ಋತುವಿನ ಹತ್ತು ಪಂದ್ಯಗಳನ್ನೂ ಗೆದ್ದಿತು. ಜಾರ್ಜ್ ಹಾಲಸನ ವೃತ್ತಿಪರ ಪಕ್ಷವಾದ ಷಿಕಾಗೊ ಬೇರ್ಸ್‌ಗೂ ಶಾನೆಸಿಯ ಸಲಹೆಯಿತ್ತು. ಆ ಪಕ್ಷ ವಾಷಿಂಗ್ಟನ್ನಿನ ಎದುರು 7–3ರಿಂದ ಸೋತ ಮೂರು ವಾರಗಳ ಮೇಲೆ, 1940ರ ಡಿಸೆಂಬರ್ 8ರಂದು, ಚಾಂಪಿಯನ್ ಪಟ್ಟದ ಪಂದ್ಯದಲ್ಲಿ ಅದೇ ಪಕ್ಷವನ್ನು 73–0ರಿಂದ ಸೋಲಿಸಿತು. ಸ್ನ್ಯಾಪಿಗೆ ಮೊದಲು ಹಿಂದಣವರಲ್ಲಿ ಒಬ್ಬನು ಪಕ್ಕಕ್ಕೆ ಓಡಬಹುದೆಂಬ ಅವಕಾಶವಿದೆ. ಅವನ ಬೆನ್ನುಹತ್ತಿ ಎದುರಾಳಿಗಳು ಸರಿದಾಡುವುದನ್ನು ನೋಡಿಕೊಂಡು ಬೇರ್ಸ್ ಪಕ್ಷ ಇನ್ನೊಂದು ಕಡೆಯಿಂದ ನುಗ್ಗುತ್ತಿತ್ತು. ಆ ಪಂದ್ಯದ ಮೇಲೆ ಹತ್ತಾರು ವರ್ಷಗಳಲ್ಲಿ ದೇಶವೆಲ್ಲ ಟಿ ವ್ಯೂಹಕ್ಕೆ ತಿರುಗಿತು. ವೃತ್ತಿಪರ ಪಕ್ಷಗಳಲ್ಲಿ ಕಟ್ಟಕಡೆಗೆ ರೆಕ್ಕೆಯ ವ್ಯೂಹವನ್ನು ಬಿಟ್ಟದ್ದು ಪಿಟ್ಸ್‌ಬರ್ಗಿನ ಸ್ಟೀಲರ್ಸ್. ಕೂಲಿಯಾಗಿದ್ದ ಕ್ವಾರ್ಟರ್‌ಬ್ಯಾಕ್ ಒಡೆಯನಾದದ್ದು ಹೀಗೆ.

ಮುಂದಿನ ಹೆಜ್ಜೆ ಇನ್ನೂ ಸೂಕ್ಷ್ಮವಾದದ್ದು. ಮಿಸ್ಸೌರಿಯ ಡಾನ್ ಫೌರಟ್ 1941ರಲ್ಲಿ, ಎದುರಾಳಿಗಳ ಸಾಲಿನ ಕೊನೆಯವನನ್ನು ತಡೆಯದೆ ಬಿಟ್ಟುಬಿಡುವ ಉಪಾಯವನ್ನು ಕಂಡುಕೊಂಡನು. ಕ್ವಾರ್ಟರ್‌ಬ್ಯಾಕ್ ಚೆಂಡಿನೊಡನೆ ಅವನತ್ತ ಓಡುತ್ತಾನೆ. ಅವನು ತನ್ನನ್ನು ಹಿಡಿಯಲು ಬಂದರೆ ಚೆಂಡನ್ನು ಹೊರಗಿನ ಜೊತೆಗಾರನಿಗೆ ಚಿಮ್ಮುತ್ತಾನೆ. ಜೊತೆಗಾರನತ್ತ ಹೋದರೆ ತಾನೇ ನುಗ್ಗುತ್ತಾನೆ. ನಿರ್ಧಾರ ಮುಂಚೆ ಆಗಿರುವುದಿಲ್ಲ. ಎದುರಾಳಿಯ ನಡೆಯನ್ನು ಓದಿ, ಆ ಕ್ಷಣದಲ್ಲಿ ಆಗುತ್ತದೆ. ಎದುರಾಳಿ ಏನು ಮಾಡಿದರೂ ಅದು ತಪ್ಪೇ ಆಗುತ್ತದೆ.

ಇದನ್ನೇ ಇಮ್ಮಡಿಗೊಳಿಸಿದ್ದು 1968ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಎಮರಿ ಬೆಲ್ಲಾರ್ಡ್. ಕ್ವಾರ್ಟರ್‌ಬ್ಯಾಕಿನ ಹಿಂದೆ ಸಮೀಪದಲ್ಲಿಯೇ ಫುಲ್‌ಬ್ಯಾಕ್; ಅವನ ಹಿಂದೆ ಎಡಕ್ಕೊಬ್ಬ ಬಲಕ್ಕೊಬ್ಬ ಹಾಫ್‌ಬ್ಯಾಕ್. ಬೀಜಗಳನ್ನು ಹೀಗಿಟ್ಟರೆ ಒಂದು ಕವಲು ಕಾಣುತ್ತದೆ. ಹಬ್ಬದೂಟದ ಕೊನೆಯಲ್ಲಿ ಇಬ್ಬರು ಹಿಡಿದೆಳೆದು ಹರಕೆ ಹೇಳಿಕೊಳ್ಳುವ ಕೋಳಿಯ ಕವಲುಮೂಳೆಯ ಹೆಸರನ್ನು, 'ವಿಶ್‌ಬೋನ್' ಎಂದು, ಒಬ್ಬ ಪತ್ರಿಕಾ ಬರಹಗಾರ ಅದಕ್ಕಿಟ್ಟನು. ಇಲ್ಲಿ ಓದಬೇಕಾದದ್ದು ಇಬ್ಬರನ್ನು. ಮೊದಲನೆಯ ಎದುರಾಳಿ ಒಳಗೆ ಬಂದರೆ ಫುಲ್‌ಬ್ಯಾಕಿಗೆ ಚೆಂಡಿಲ್ಲ, ಬರದಿದ್ದರೆ ಅವನಿಗೇ. ಅಲ್ಲಿ ಕೊಡದೆ ಉಳಿಸಿಕೊಂಡರೆ ಎರಡನೆಯವನನ್ನು ನೋಡಿ, ಚಿಮ್ಮುವುದೋ ತಾನೇ ಓಡುವುದೋ ಎಂದು ತೀರ್ಮಾನಿಸಬೇಕು. ಇಷ್ಟೂ ನಡೆಯುವುದು ಒಂದೆರಡು ಸೆಕೆಂಡುಗಳಲ್ಲಿ. ಹೊಸ ವ್ಯೂಹದ ಮೊದಲ ಪಂದ್ಯ ಸಮವಾಯಿತು, ಎರಡನೆಯದರಲ್ಲಿ ಸೋಲಾಯಿತು; ಆಮೇಲೆ ಟೆಕ್ಸಾಸ್ ಸತತವಾಗಿ 30 ಪಂದ್ಯಗಳನ್ನು ಗೆದ್ದಿತು. 1969ರಲ್ಲಿ ಪಟ್ಟವೇರಿದ ಆ ಪಕ್ಷದಲ್ಲಿ ಕರಿಯ ಆಟಗಾರ ಒಬ್ಬನೂ ಇರಲಿಲ್ಲ; ಬಿಳಿಯರೇ ತುಂಬಿದ್ದು ರಾಷ್ಟ್ರದ ಪಟ್ಟ ಗೆದ್ದ ಕೊನೆಯ ಪಕ್ಷ ಅದೆಂದು ಚರಿತ್ರೆ ನೆನೆಯುತ್ತದೆ. ಯಾರು ಎಲ್ಲಿ ನಿಲ್ಲಬಹುದೆಂಬ ಪ್ರಶ್ನೆ ಆ ದೇಶದಲ್ಲಿ ಹುಣಿಸೆಬೀಜಗಳ ಪ್ರಶ್ನೆ ಮಾತ್ರವಾಗಿರಲಿಲ್ಲ.

'ಐ' ವ್ಯೂಹವನ್ನು ಬೇಗ ಹೇಳಿ ಮುಗಿಸಬಹುದು. ಕ್ವಾರ್ಟರ್‌ಬ್ಯಾಕ್, ಫುಲ್‌ಬ್ಯಾಕ್, ಎಲ್ಲರ ಹಿಂದೆ 'ಟೇಲ್‌ಬ್ಯಾಕ್', ಮೂವರೂ ಒಬ್ಬರ ಹಿಂದೊಬ್ಬರು. ನಾಲ್ಕನೆಯವನು ಪಕ್ಕಕ್ಕೆ. ಕೊನೆಯವನು ನೆಟ್ಟಗೆ ನಿಂತು ಬಯಲನ್ನೆಲ್ಲ ನೋಡುತ್ತ, ಬಿರುಕು ಎಲ್ಲಿ ಮೂಡುವುದೋ ಅಲ್ಲಿಗೆ ಓಡುತ್ತಾನೆ. ಇದನ್ನು 1950ರ ಆಸುಪಾಸಿನಲ್ಲಿ ಟಾಮ್ ನ್ಯೂಜೆಂಟ್ ಬಳಕೆಗೆ ತಂದನು. 1960ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಜಾನ್ ಮೆಕೇ ಪ್ರಸಿದ್ಧಿಗೆ ತಂದನು. 'ಪೂರ್ತಿ ಹಿಂದಿನವನು' ತನ್ನ ಹೆಸರನ್ನು ಸುಳ್ಳುಮಾಡಿ ಮುಂದೆ ನಿಲ್ಲುವುದು ಇದರಲ್ಲಿಯೂ ವಿಶ್‌ಬೋನಿನಲ್ಲಿಯೂ.

ಇನ್ನುಳಿದದ್ದು 'ಷಾಟ್‌ಗನ್'. ಕ್ವಾರ್ಟರ್‌ಬ್ಯಾಕನ್ನು ಮತ್ತೆ ಐದಾರು ಗಜ ಹಿಂದಕ್ಕೆ ಸರಿಸಿ, ಉಳಿದವರನ್ನು ಅಗಲಕ್ಕೆ ಹರಡುವುದು. ಎಸೆಯುವವನಿಗೆ ಕಣ್ಣಿಗೂ ಕೈಗೂ ಬಿಡುವು ದೊರೆಯುತ್ತದೆ. ಸ್ಯಾನ್‌ಫ್ರಾನ್ಸಿಸ್ಕೊ ಪಕ್ಷದ ರೆಡ್ ಹಿಕಿ ಇದನ್ನು 1960ರಲ್ಲಿ ಪ್ರಯೋಗಿಸಿ ಗೆದ್ದನು. ಮರುವರ್ಷ ಷಿಕಾಗೊ ಪಕ್ಷ ಅದರ ದೌರ್ಬಲ್ಯವನ್ನು ಬಯಲುಮಾಡಿತು. ಚೆಂಡನ್ನು ದೂರಕ್ಕೆ ಚಿಮ್ಮಬೇಕಾದ ನಡುವಿನವನು ತಲೆ ತಗ್ಗಿಸಿ ಹಿಂದೆ ನೋಡುತ್ತಿರುವಾಗಲೇ ಅವನೆದುರಿಗೆ ಒಬ್ಬ ಬಲಶಾಲಿಯನ್ನು ನಿಲ್ಲಿಸಿ ನುಗ್ಗಿಸಿತು, 31–0ರಿಂದ ಗೆದ್ದಿತು. ಆಗ ಷಿಕಾಗೊವಿನ ರಕ್ಷಣೆಯನ್ನು ನೋಡಿಕೊಳ್ಳುತ್ತಿದ್ದವನು, ಇಪ್ಪತ್ತೊಂದು ವರ್ಷಗಳ ಹಿಂದೆ ಟಿ ವ್ಯೂಹಕ್ಕೆ ಜೀವ ಕೊಟ್ಟಿದ್ದ ಅದೇ ಶಾನೆಸಿ. 1975ರಲ್ಲಿ ಡಲ್ಲಾಸಿನ ಟಾಮ್ ಲ್ಯಾಂಡ್ರಿ ಅದನ್ನು ಮತ್ತೆ ಕೈಗೆತ್ತಿಕೊಂಡನು. ನಮ್ಮ ಶತಮಾನದಲ್ಲಿ ಅದು ಸರ್ವಸಾಮಾನ್ಯವಾಗಿದೆ. ಕೆಲವೊಮ್ಮೆ ಕ್ವಾರ್ಟರ್‌ಬ್ಯಾಕ್ ಹಿಂದೆ ಒಬ್ಬನೇ ನಿಂತಿರುತ್ತಾನೆ. ಉಳಿದ ಮೂವರೂ ದೂರ ದೂರ ಚದುರಿರುತ್ತಾರೆ.

ಹಳೆಯದು ಪೂರ್ತಿ ಸಾಯುವುದಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಯಾಮಿ ಪಕ್ಷ, ಲೀಗಿನ ನಿಯಮಿತ ಋತುವಿನ 21 ಪಂದ್ಯಗಳಲ್ಲಿ ಸೋಲರಿಯದ ನ್ಯೂ ಇಂಗ್ಲೆಂಡ್ ಪಕ್ಷದೆದುರು, ಓಡುವವನಿಗೇ ನೇರವಾಗಿ ಚೆಂಡನ್ನು ಕೊಟ್ಟು 38–13ರಿಂದ ಗೆದ್ದಿತು. ಜನ ಅದನ್ನು 'ವೈಲ್ಡ್‌ಕ್ಯಾಟ್' ಎಂದು ಕರೆದು ಹೊಸತೆಂದು ಕೊಂಡಾಡಿದರು. ಅದರ ಮೂಲ ವಾರ್ನರನ ಒಂಟಿ ರೆಕ್ಕೆ. ಇನ್ನೊಂದು ನೆನಪು ಅಷ್ಟು ಹಿತವಾದುದಲ್ಲ. ಓಡುವವನನ್ನು ಹಿಂದಿನಿಂದ ತಳ್ಳಬಾರದೆಂಬ ನಿಯಮವನ್ನು ಸಡಿಲಿಸಿದ ಮೇಲೆ, ಫಿಲಡೆಲ್ಫಿಯ ಪಕ್ಷದವರು ಒಂದು ಗಜ ಬೇಕಾದಾಗ ಕ್ವಾರ್ಟರ್‌ಬ್ಯಾಕನ್ನು ಇಬ್ಬರು ಮೂವರು ಹಿಂದಿನಿಂದ ತಳ್ಳಿ ಮುಂದೂಡುವ ಆಟವನ್ನು ಬೆಳೆಸಿದರು. ಅದನ್ನು ನಿಷೇಧಿಸಬೇಕೆಂಬ ಸೂಚನೆ 2025ರ ಮೇ ತಿಂಗಳಲ್ಲಿ ಲೀಗಿನ ಮುಂದೆ ಬಂದು, ಬೇಕಾದಷ್ಟು ಮತ ಸಿಗದೆ ಬಿದ್ದುಹೋಯಿತು. 1905ರ ಚರ್ಚೆಯನ್ನು ಓದಿದವರಿಗೆ ಈ ಚರ್ಚೆಯ ಮಾತುಗಳು ಪರಿಚಿತವಾಗಿಯೇ ಕೇಳುತ್ತವೆ.

ಈ ನಾಲ್ವರ ಜಾಣ್ಮೆಯನ್ನು ಇಷ್ಟು ಹೊತ್ತು ಹೊಗಳಿದ ಮೇಲೆ, ಮುಂದಿನ ಏಳು ಮಂದಿಯನ್ನು ಮರೆಯುವುದು ನ್ಯಾಯವಲ್ಲ. ಪಿಟ್ಸ್‌ಬರ್ಗಿನ ಮೈಕ್ ವೆಬ್‌ಸ್ಟರ್ ಎಂಬಾತ 1974ರಿಂದ 1990ರವರೆಗೆ ವೃತ್ತಿಪರ ಆಟದಲ್ಲಿ ಸಾಲಿನ ನಡುವಿನವನಾಗಿದ್ದನು. ಪ್ರತಿಯೊಂದು ಯತ್ನದಲ್ಲಿಯೂ ಚೆಂಡನ್ನು ಹಿಂದಕ್ಕೆ ಕೊಟ್ಟು, ತಲೆಯನ್ನು ಎದುರಾಳಿಯ ತಲೆಗೆ ಕೊಡುವುದು ಅವನ ಕೆಲಸ. ನಿವೃತ್ತನಾದ ಮೇಲೆ ನೆನಪು ಕೆಟ್ಟು, ನೆಲೆ ತಪ್ಪಿ ಅಲೆದು, 2002ರಲ್ಲಿ ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ನೈಜೀರಿಯದಲ್ಲಿ ಹುಟ್ಟಿದ ವೈದ್ಯ ಬೆನೆಟ್ ಒಮಾಲು ಅವನ ಮಿದುಳನ್ನು ಪರೀಕ್ಷಿಸಿ, ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದಾದ ರೋಗವನ್ನು ಕಂಡು, 2005ರಲ್ಲಿ ಪ್ರಕಟಿಸಿದನು. ಏಳರ ನಿಯಮ ಮೈದಾನದ ಮೇಲಿನ ಸಾವನ್ನು ತಡೆಯಲೆಂದು ಬಂದದ್ದು. ಮೈದಾನವನ್ನು ಬಿಟ್ಟ ಮೇಲೆ ನಿಧಾನವಾಗಿ ಬರುವ ಈ ಕೇಡು 1910ರವರಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಅದಕ್ಕೆ ತಕ್ಕ ನಿಯಮವನ್ನು ಕಂಡುಕೊಳ್ಳುವ ಹೊಣೆ ಇಂದಿನವರ ಮೇಲಿದೆ.

ಮಕ್ಕಳ ಮನೆಗೆಂದು ಆ ದೇಶಕ್ಕೆ ಹೋದವರು ದೂರದರ್ಶನದಲ್ಲಿ ಈ ಆಟವನ್ನು ಕಂಡರೆ, ಚೆಂಡಿನ ಮೇಲೆ ಕಣ್ಣಿಡುವ ಬದಲು ಸ್ನ್ಯಾಪಿಗೆ ಮೊದಲಿನ ಆ ಕೆಲವು ಕ್ಷಣಗಳಲ್ಲಿ ಹಿಂದಿನ ನಾಲ್ವರು ಎಲ್ಲೆಲ್ಲಿ ನಿಂತಿದ್ದಾರೆಂದು ಎಣಿಸಿ ನೋಡಲಿ. ಹತ್ತು ಸಲ ಎಣಿಸುವುದರೊಳಗೆ, ಚೆಂಡು ಯಾವ ಕಡೆ ಹೋದೀತೆಂದು ಊಹಿಸುವುದು ಸಾಧ್ಯವಾಗುತ್ತದೆ. ಆಮೇಲೆ ಮುಂದಿನ ಏಳು ಮಂದಿಯನ್ನೂ ಎಣಿಸಲಿ. ಅವರು ಅಲ್ಲಿ ಏಕೆ ನಿಂತಿದ್ದಾರೆಂಬುದು ಕೇಳುಗರಿಗೆ ಈಗ ತಿಳಿದಿದೆ.